ಮೊಳೆ ಮುಟ್ಟುವ ಬೆಳಕು

ಫೆಬ್ರವರಿ 9

ಗುಸು,

ಕಾಗದ ನೋಡಿದ ಕೂಡಲೇ ಎದೆ ಧಸಕ್ ಅನ್ನಿಸಿಕೊಳ್ಳಬೇಡ. ಯಾರಿಗೂ ಏನೂ ಆಗಿಲ್ಲ. ನನಗೆ ಮಾತ್ರ ಆಗಿದೆ, ಅದೂ ಮೈಗಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಹೂಂ ಅಂತೀಯ, ಆಮೇಲೆ ನೆಟ್‌ವರ್ಕ್ ಇಲ್ಲ ಅಂತೀಯ. ಕಾಗದದಲ್ಲಿ ನೆಟ್‌ವರ್ಕ್ ಹೋಗಲ್ಲ. ನನ್ನ ಅಕ್ಷರ ನೋಡಿ ನಗಬೇಡ, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಅಕ್ಷರ ಇಷ್ಟೇ. ದಿನವಿಡೀ ಪುಸ್ತಕಗಳಿಗೆ ರಟ್ಟು ಕಟ್ಟುತ್ತೀನಿ, ಒಳಗೆ ಏನಿದೆ ಅಂತ ಓದೋಕೆ ಇನ್ನೂ ಪುರುಸೊತ್ತು ಸಿಕ್ಕಿಲ್ಲ.

ವಿಷಯ ಇದು. ಮಹಡಿ ಮನೆಗೆ ಒಬ್ಬಳು ನರ್ಸು ಬಾಡಿಗೆಗೆ ಬಂದಿದ್ದಾಳೆ. ಬಾಯಿ ಜೋರು, ಮನಸ್ಸು ಒಳ್ಳೇದು. ರಜೆ ಸಿಕ್ಕಿದರೆ ಟಿವಿಗೆ ಒಂದು ಡಬ್ಬಿ ಸಿಕ್ಕಿಸಿಕೊಂಡು ಆಟ ಆಡ್ತಾಳೆ. ಭಾನುವಾರ ಮಧ್ಯಾಹ್ನ ಮೇಲಿಂದಲೇ ಕೂಗಿದಳು. "ಅಕ್ಕಾ, ನಿಮ್ಮ ತಂಗಿ ಆಟ ಮಾಡೋ ಕಡೆ ಇರೋದಲ್ವಾ? ಇದರ ಕೊನೇಲಿ ಅವರ ಹೆಸರು ಬಂತು, ಬನ್ನಿ ಬನ್ನಿ!" ನಾನು ಇಲ್ಲಿವರೆಗೂ ಎಲ್ಲರಿಗೂ ನೀನು ಆಟ ಮಾಡೋ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್ ಅಂತಲೇ ಹೇಳಿಕೊಂಡು ಬಂದಿದ್ದೆ. ಆಟದೊಳಗೆ ದೀಪ ಜೋಡಿಸೋ ಕೆಲಸ ಅಂತ ನೀನೇ ಅಂದಿದ್ದೆ, ನನಗೆ ಅಷ್ಟು ಅರ್ಥವಾಯಿತು.

ಹೋಗಿ ಕೂತೆ. ಹೆದರಿಸೋ ಆಟ ಅಂದಳು. ದೆವ್ವ ಬರುತ್ತೆ ಅಂತ ಕಾದೆ. ದೆವ್ವ ಬರಲಿಲ್ಲ, ನಮ್ಮ ಮನೆ ಬಂತು.

ಕಿಟಕಿ ತುಂಬ ಕಂದು ಕಾಗದ. ಅಪ್ಪ ರಾತ್ರಿ ಪಾಳಿ ಮುಗಿಸಿ ಹಗಲು ಮಲಗೋದಕ್ಕೆ ಅಂತ ಅಂಟಿಸಿದ್ದೇ ಅದು. ಮೂಲೆಯಲ್ಲಿ ಕೆಂಪು ಬಟ್ಟೆ ಹೊದಿಸಿದ ದೀಪ. ಒಳಕೋಣೆಯಿಂದ ಗೊರಕೆ. ಸದ್ದು ಮಾಡಿದರೆ ಗೊರಕೆ ನಿಲ್ಲುತ್ತೆ, ಗೊರಕೆ ನಿಂತರೆ ಆಟ ಮುಗೀತು. ಆಟದಲ್ಲಿರೋ ಪುಟ್ಟ ಹುಡುಗಿಗೆ ಮಾತೆಲ್ಲ ಗುಸುಗುಸು. ನಿನ್ನ ಹೆಸರು ಎಲ್ಲಿಂದ ಬಂತು ಅಂತ ನರ್ಸಿಗೆ ನಾನು ಹೇಳಲಿಲ್ಲ.

ಕಾಗದದಲ್ಲಿ ಒಂದು ತೂತು, ಅದರಿಂದ ಕಾಸಿನಗಲ ಬೆಳಕು. ನೆಲದ ಮೇಲಿಂದ ಗೋಡೆ ಹತ್ತಿ ಕ್ಯಾಲೆಂಡರಿನ ಮೊಳೆ ಕಡೆ ಹೋಗುತ್ತೆ. ಬೆಳಕು ಮೊಳೆ ಮುಟ್ಟಿದರೆ ಅಮ್ಮ ಬ್ರೆಡ್ ಫ್ಯಾಕ್ಟರಿಯಿಂದ ಬಂದಳು ಅಂತ ಲೆಕ್ಕ. ಅಮ್ಮನೇ ನಮಗೆ ಹೇಳಿಕೊಟ್ಟ ಲೆಕ್ಕ. ಆಮೇಲೆ ಇನ್ನೊಬ್ಬಳು ಬಂದಳು.

ಒಂದು ಕೈಯಲ್ಲಿ ಅಂಟಿನ ಡಬ್ಬ, ಒಂದು ಕೈಯಲ್ಲಿ ಅಗಲ ಬ್ರಷ್ಷು. ಮುಖ ಇಲ್ಲ. ಎಲ್ಲಿ ಬೆಳಕು ತೂರಿ ಬಂದರೆ ಅಲ್ಲಿ ಕಾಗದ ಅಂಟಿಸ್ತಾಳೆ. ನರ್ಸು ಸೋಫಾ ಮೇಲೆ ಕಾಲು ಮಡಚಿಕೊಂಡು "ಅಯ್ಯೋ ಅಂಟಮ್ಮ ಬಂದಳು, ಅಂಟಮ್ಮ ಬಂದಳು" ಅಂತ ಚೀರಿದಳು. ಆಡೋರೆಲ್ಲ ಅವಳಿಗೆ ಇಟ್ಟಿರೋ ಹೆಸರಂತೆ.

ಗುಸು, ಆ ಬ್ರಷ್ಷಿನ ಹಿಡಿಗೆ ಬಿಳಿ ದಾರ ಸುತ್ತಿತ್ತು. ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಹಿಡಿಗೆ ದಾರ ಸುತ್ತಿಕೊಳ್ಳೋಳು ನಾನೊಬ್ಬಳೇ.

ಸುತ್ತಿ ಬಳಸಿ ಕೇಳೋಕೆ ನನಗೆ ಬರಲ್ಲ. ಅದು ನಾನಾ? ಅಮ್ಮ ಮನೆಗೆ ಬರೋ ಬೆಳಕನ್ನ ಮುಚ್ಚಿದೋಳು ನಾನು ಅಂತ ಇಷ್ಟು ವರ್ಷ ಅಂದುಕೊಂಡಿದ್ದೀಯಾ? ಅಪ್ಪ ತೀರಿಕೊಂಡಾಗ ಬಂದೋಳು ಒಂದು ರಾತ್ರಿನೂ ಉಳಿಯದೆ ಹೋದೆಯಲ್ಲ, ಅದಕ್ಕಾ? ಹೌದು ಅಂದರೆ ಹೌದು ಅಂತಲೇ ಬರಿ. ಆಮೇಲೆ ನಿನ್ನ ಅಕ್ಕ ಅನ್ನಿಸಿಕೊಳ್ಳೋಕೆ ನಾನು ಬರಲ್ಲ.

ಓನರು ಓಣಿಯಲ್ಲಿರೋ ತನ್ನ ಮನೆಗಳ ಕಿಟಕಿಗಳನ್ನೆಲ್ಲ ಕಿತ್ತು ಹೊಸದು ಹಾಕಿಸ್ತಾನಂತೆ. ಯಾವಾಗ ಅಂತ ಹೇಳಿಲ್ಲ. ನಮ್ಮದರ ಮೇಲೆ ಆ ಕಂದು ಕಾಗದ ಇನ್ನೂ ಇದೆ.

ಉತ್ತರ ಬರೋವರೆಗೂ ಸರಿಯಾಗಿ ಊಟ ಸೇರದ
ಅಕ್ಕ

&nbsp;

ಮಾರ್ಚ್ 2

ಅಕ್ಕನಿಗೆ,

ಕಾಗದ ತಲುಪಿತು. ಕೆಲಸ ಹೆಚ್ಚಿತ್ತು, ತಡವಾಯಿತು.

ಆಟ ಅಂದರೆ ಒಬ್ಬರು ಮಾಡೋದಲ್ಲ. ಕಥೆ ಬರೆಯೋರು ಬೇರೆ, ಗೋಡೆ ಕಟ್ಟೋರು ಬೇರೆ. ನಾನು ಎಲ್ಲಿ ಬೆಳಕು ಬೀಳಬೇಕು, ಎಲ್ಲಿ ಬೀಳಬಾರದು ಅಂತ ನೋಡೋಳು. ಯಾರದೋ ಮನೆ, ಯಾರದೋ ಕೈ ಸೇರಿ ಒಂದು ಆಗುತ್ತೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಒಂದು ಮಾತು ಕೇಳೋದಿತ್ತು. ಇಲ್ಲಿ ನನ್ನ ಜೊತೆ ಕೆಲಸ ಮಾಡೋನೊಬ್ಬ, ಆ ಮೊಳೆ ವಿಷಯ ಸುಳ್ಳು ಅಂದ. ಸೂರ್ಯ ವರ್ಷವಿಡೀ ಒಂದೇ ಜಾಗದಲ್ಲಿ ಮುಳುಗಲ್ಲ, ಎರಡು ತಿಂಗಳು ಕಳೆದರೆ ಬೆಳಕು ಪಕ್ಕಕ್ಕೆ ಸರಿದು ಮೊಳೆ ತಪ್ಪುತ್ತೆ ಅಂದ. ಅವನು ಹೇಳೋದು ಸರಿ, ನನ್ನ ಕೆಲಸವೇ ಅದು, ನನಗೆ ಗೊತ್ತಿರಬೇಕಿತ್ತು. ಆದರೆ ನನ್ನ ನೆನಪಲ್ಲಿ ಅದು ಯಾವಾಗಲೂ ಮುಟ್ಟುತ್ತಿತ್ತು. ನಿಜವಾಗಲೂ ಮುಟ್ಟುತ್ತಿತ್ತಾ? ಅಥವಾ ನಾನು ಅಳಬಾರದು ಅಂತ ನೀನು "ಮುಟ್ಟಿತು ನೋಡು" ಅಂತಿದ್ದೆಯಾ?

ಇತಿ,
ತಂಗಿ

&nbsp;

ಮಾರ್ಚ್ 8

ಗುಸು,

ನಾನು ಒಂದು ಕೇಳಿದರೆ ನೀನು ಇನ್ನೊಂದು ಕೇಳಿದ್ದೀಯ. ಚಿಕ್ಕಂದಿನಿಂದಲೂ ಅಷ್ಟೇ, ತಟ್ಟೆ ಒಡೆದೋರು ಯಾರು ಅಂದರೆ ಬೆಕ್ಕಿಗೆ ಎಷ್ಟು ಕಾಲು ಅಂತಿದ್ದೆ.

ಬೆಳಕು ಮುಟ್ಟುತ್ತಿತ್ತು. ಯಾಕೆ ಮುಟ್ಟುತ್ತಿತ್ತು ಅಂತ ಸೂರ್ಯನ ಹತ್ತಿರ ಕೇಳು. ನಾನು ಸುಳ್ಳು ಹೇಳಿದ್ದೆ ಅನ್ನೋ ಅನುಮಾನವಾ? ಸರಿ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆ.

"ಯಾರದೋ ಕೈ" ಅಂತ ಬರೆದಿದ್ದೀಯ. ಮತ್ತೆ ಮೇಲೆ ಹೋಗಿ, ಅಂಟಮ್ಮ ಬಂದಾಗ ಆಟ ನಿಲ್ಲಿಸು ಅಂತ ನರ್ಸಿಗೆ ಹೇಳಿ, ಟಿವಿಗೆ ಮೂಗು ತಾಗಿಸಿಕೊಂಡು ನೋಡಿದೆ. ಕಿರುಬೆರಳು ಸ್ವಲ್ಪ ಸೊಟ್ಟ. ರಟ್ಟು ಒತ್ತೋ ಯಂತ್ರದಲ್ಲಿ ಸಿಕ್ಕಿ ಸೊಟ್ಟಗಾಗಿದ್ದು ಈ ಬೆರಳು, ಈಗ ಈ ಕಾಗದ ಹಿಡಿದಿರೋ ಬೆರಳು. ನರ್ಸು ನನ್ನ ಕೈ ನೋಡಿದಳು, ಟಿವಿ ನೋಡಿದಳು. ಆಮೇಲೆ "ಅಂಟಮ್ಮ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ" ಅಂದಳು. "ಅಂಟಕ್ಕ ಅಂದಿದ್ದರೆ ಇನ್ನೂ ಸರಿಹೋಗ್ತಿತ್ತು" ಅಂದೆ. ನಕ್ಕಳು. ನನಗೆ ನಗು ಬರಲಿಲ್ಲ.

ಈ ಆಟದ ಬಗ್ಗೆ ಜನ ಫೋನಲ್ಲಿ ಪುಟಗಟ್ಟಲೆ ಬರೆದಿದ್ದಾರಂತೆ, ಯಾವ ಸಾಮಾನಿಗೆ ಏನು ಅರ್ಥ ಅಂತ. ನರ್ಸು ನನ್ನ ಸಮಾಧಾನಕ್ಕೆ ಓದಿ ಹೇಳಿದಳು. ಕೆಂಪು ದೀಪ ಅಂದರೆ ಅಪ್ಪನ ಕೋಪ. ದುಂಡಗಿನ ಬೆಳಕು ಗರ್ಭ. ಅಂಟಮ್ಮ ಹತ್ತೋ ಸ್ಟೂಲು ಅಧಿಕಾರ. ಮೊಳೆ ಅಂದರೆ ಸಾವು. ನಾನು ಹೇಳಿದೆ, ಅಮ್ಮಾ ತಾಯಿ, ದೀಪಕ್ಕೆ ಕೆಂಪು ಬಟ್ಟೆ ಯಾಕೆಂದರೆ ಮನೆಯಲ್ಲಿ ಹರಿದ ಬಟ್ಟೆ ಅಂತ ಇದ್ದದ್ದು ಅದೊಂದೇ. ಸ್ಟೂಲಿಗೆ ಮೂರೇ ಕಾಲು, ಹತ್ತಿದರೆ ಜೀವ ಕೈಯಲ್ಲಿ, ಅಧಿಕಾರ ಎಲ್ಲಿಂದ ಬರಬೇಕು. ಮೊಳೆ ಕ್ಯಾಲೆಂಡರ್ ನೇತು ಹಾಕೋಕೆ. "ಹಾಗಾದರೆ ಅಂಟಮ್ಮ ಅಂದರೆ ಏನು?" ಅಂದಳು. ಉತ್ತರ ನನ್ನ ತಂಗಿ ಹತ್ತಿರ ಇದೆ ಅಂದು ನಾನು ಕೆಳಗೆ ಇಳಿದು ಬಂದೆ.

ಜನ ಬರೆದಿರೋದು ಏನಾದರೂ ಇರಲಿ. ನೀನು ಆ ಕೈಗೆ ಏನು ಅರ್ಥ ಇಟ್ಟಿದ್ದೀಯ?

ಅಕ್ಕ

&nbsp;

ಏಪ್ರಿಲ್ 11

ಗುಸು,

ಕಾಗದ ತಲುಪಿತೋ ಇಲ್ಲವೋ. ಪೋಸ್ಟಿನವನನ್ನ ಕೇಳಿದರೆ "ನಾನೇನು ತಿಂದುಬಿಟ್ಟೆನಾ?" ಅಂದ. ಅವನ ಮೇಲೂ ನನಗೆ ಅನುಮಾನವೇ, ಆದರೆ ಅವನಿಗಿಂತ ನಿನ್ನ ಮೇಲೆ ಜಾಸ್ತಿ. ಸುಮ್ಮನಿರೋದು ಅಂದರೆ ಹೌದು ಅಂತಲಾ? ಓಣಿಯ ಆ ತುದಿಯಿಂದ ಕಿಟಕಿ ಕೆಲಸ ಶುರುವಾಗಿದೆ. ಗಾಜಿನವನು ದಿನಕ್ಕೊಂದು ಮನೆ ಮುಗಿಸ್ತಿದ್ದಾನೆ.

ಅಕ್ಕ

&nbsp;

ಏಪ್ರಿಲ್ 19

ಅಕ್ಕಾ,

ತಲುಪಿತ್ತು. ಮೂರು ಸಲ ಉತ್ತರ ಬರೆದು ಹರಿದೆ.

ಅದು ನಿನ್ನ ಕೈ. ಬೇರೆಯವರ ಮೇಲೆ ಹಾಕಿದ್ದು ತಪ್ಪು, ಆ ಕೈ ಬರೆದುಕೊಟ್ಟಿದ್ದು ನಾನೇ. ಒಬ್ಬ ಹೆಂಗಸು ಬೇಕು, ಅವಳ ಕೈ ಮಾತ್ರ ಹತ್ತಿರದಿಂದ ಕಾಣಬೇಕು ಅಂದರು. ಪೆನ್ಸಿಲ್ ಹಿಡಿದೆ, ನಿನ್ನ ಕೈ ಬಂತು. ಬೇರೆ ಯಾರ ಕೈಯನ್ನೂ ನಾನು ಅಷ್ಟು ಹತ್ತಿರದಿಂದ ನೋಡಿಲ್ಲ. ನನ್ನ ತಲೆ ಬಾಚಿದ್ದು, ಬೂಟಿನ ಲೇಸ್ ಕಟ್ಟಿದ್ದು, ಜ್ವರ ನೋಡಿದ್ದು ಎಲ್ಲ ಅದೇ ಕೈ. ನನಗೆ ಬರೆಯೋಕೆ ಬರೋ ಕೈ ಅದೊಂದೇ ಅಕ್ಕಾ.

ಮುಖ ಇಡಲಿಲ್ಲ. ನಿನ್ನ ಮುಖ ಇಟ್ಟು ನೋಡಿದೆ, ಕೂರಲಿಲ್ಲ. ಅಮ್ಮನ ಮುಖ ಇಡೋಣ ಅಂದರೆ ನನಗೆ ಅದು ನೆನಪೇ ಇಲ್ಲ. ಬ್ರೆಡ್ ಕತ್ತರಿಸೋ ಯಂತ್ರಕ್ಕೆ ಸಿಕ್ಕಿ ಓರೆಯಾಗಿ ಕೊಯ್ದುಹೋಗಿದ್ದ ಅವಳ ಹೆಬ್ಬೆರಳು ನೆನಪಿದೆ. ಅದರಿಂದ ನನ್ನ ಕೆನ್ನೆ ಒರೆಸುತ್ತಿದ್ದಳು, ಆ ಗಾಯದ ಗೆರೆ ಚರ್ಮಕ್ಕೆ ತಾಗುತ್ತಿತ್ತು. ಅವಳದ್ದು ಅಂತ ನನ್ನ ಹತ್ತಿರ ಇರೋದು ಅಷ್ಟೇ.

ಈಗ ನೀನು ಕೇಳಿದ್ದಕ್ಕೆ. ಅವಳು ಕೆಲಸಕ್ಕೆ ಹೋದೋಳು ವಾಪಸ್ ಬರದ ದಿನ ಮಧ್ಯಾಹ್ನ, ನೀನು ಸ್ಟೂಲಿನ ಮೇಲೆ ನಿಂತು ಕಿಟಕಿಗೆ ಅಂಟು ಬಳಿಯುತ್ತಿದ್ದೆ. ನಾನು ನೆಲದ ಮೇಲೆ ಕೂತಿದ್ದೆ. ಬೆಳಕು ಮೊಳೆಯ ಹತ್ತಿರ ಬಂದಿತ್ತು. ಆಮೇಲೆ ಇರಲಿಲ್ಲ. ಆವತ್ತಿನಿಂದ ಮತ್ತೆ ಬರಲಿಲ್ಲ, ಬೆಳಕೂ ಇಲ್ಲ, ಅವಳೂ ಇಲ್ಲ. ಚಿಕ್ಕವಳ ತಲೆಗೆ ಎರಡೂ ಒಂದೇ ಆಗಿ ಕೂತುಬಿಟ್ಟಿತು. ದೊಡ್ಡವಳಾದ ಮೇಲೆ ಅದು ದಡ್ಡತನ ಅಂತ ಗೊತ್ತು. ಗೊತ್ತಿದ್ದರೂ ಆ ಕೋಣೆಗೆ ಕಾಲಿಟ್ಟರೆ ನಿನ್ನ ಬೆನ್ನು, ಎತ್ತಿದ ಕೈ ಕಾಣುತ್ತೆ. ಅದಕ್ಕೇ ಉಳಿಯಲಿಲ್ಲ.

ನಾನು ಯಾವತ್ತೂ ಕೇಳಿಲ್ಲ, ಈಗ ಕೇಳ್ತೀನಿ. ತೂತು ಮುಚ್ಚಿದ್ದು ನೀನಾ? ಅವಳು ಬರಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತಾ?

ತಂಗಿ

&nbsp;

ಏಪ್ರಿಲ್ 27

ಗುಸು,

ನಿನ್ನ ಕಾಗದ ಓದಿ ಎರಡು ದಿನ ಅಂಗಡಿಯಲ್ಲಿ ಎಲ್ಲಾ ಪುಟ ತಲೆಕೆಳಗೆ ಹೊಲಿದೆ. ಯಜಮಾನ "ಏನಕ್ಕಾ, ಓದೋರು ಶೀರ್ಷಾಸನ ಹಾಕಬೇಕಾ?" ಅಂದ.

ನನಗೆ ಗೊತ್ತಿರಲಿಲ್ಲ. ಯಾರ ಮೇಲೆ ಬೇಕಾದರೂ ಆಣೆ. ಆವತ್ತು ಏನಾಯಿತು ಅಂತ ನನಗೆ ತಿಳಿದಷ್ಟು ಹೇಳ್ತೀನಿ. ನಾನು ಆಗಷ್ಟೇ ಅಂಗಡಿ ಸೇರಿದ್ದೆ, ಬೆಳಿಗ್ಗೆ ಮಾತ್ರ ಕೆಲಸ. ಅಂಟು ಕಲಸೋದು ಕಲಿತಿದ್ದೀಯಲ್ಲ, ಕಿಟಕಿ ಕಾಗದದ ಮೂಲೆ ಬಿಟ್ಟಿದೆ, ಮೇಲೆ ಇನ್ನೊಂದು ಹಾಳೆ ಹಚ್ಚು ಅಂತ ಅಪ್ಪ ಹೇಳಿ ಮಲಗಿದ. ಹಚ್ಚೋಕೆ ಹತ್ತಿದೆ. ತೂತಿನ ಜಾಗ ಬಿಟ್ಟು ಹಚ್ಚಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ಬೆಳಕು ಹೋಯಿತು. ಮೋಡ ಅಂದುಕೊಂಡೆ. ಬೆಳಕೇ ಇಲ್ಲದ ತೂತಿಗೆ ಯಾಕೆ ಜಾಗ ಬಿಡಲಿ ಅಂತ ಹಾಳೆ ಪೂರ್ತಿ ಎಳೆದುಬಿಟ್ಟೆ. ನಾಳೆ ಬೇಕಾದರೆ ಸೂಜಿಯಲ್ಲಿ ಚುಚ್ಚಿದರಾಯಿತು ಅಂದುಕೊಂಡೆ. ನಾಳೆ ಬರೋ ಹೊತ್ತಿಗೆ ಅಮ್ಮನೇ ಇರಲಿಲ್ಲ, ತೂತು ಯಾರಿಗೆ ಬೇಕಿತ್ತು?

ನೀನು ನಂಬಲ್ಲ. ಬೆಳಕು ಮೊದಲು ಹೋಯಿತು, ಕಾಗದ ಆಮೇಲೆ ಅಂದರೆ ಯಾರು ನಂಬ್ತಾರೆ? ನಾನೇ ಆಗಿದ್ದರೆ ನಂಬುತ್ತಿರಲಿಲ್ಲ.

ಅದಕ್ಕೇ ಭಾನುವಾರ ಮೇಲೆ ಹೋಗಿ ನಾನೇ ಆಡಿದೆ. ನರ್ಸು ಆ ಗುಂಡಿ ಒತ್ತು, ಈ ಗುಂಡಿ ಒತ್ತು ಅಂತ ಹೇಳಿಕೊಟ್ಟಳು. ಬಾಗಿಲಿಗೆ ಹತ್ತು ಸಲ ಡಿಕ್ಕಿ ಹೊಡೆದೆ, ಗೊರಕೆ ನಿಲ್ಲಿಸಿದೆ, ಬೈಸಿಕೊಂಡೆ. ಕೊನೆಗೆ ಅಂಟಮ್ಮ ಬಂದಳು. "ಓಡಿ ಅಕ್ಕಾ, ಓಡಿ, ಮಂಚದ ಕೆಳಗೆ ತೂರಿಕೊಳ್ಳಿ!" ಅಂತ ನರ್ಸು ಕಿರುಚಿದಳು. ನಾನು ಓಡಲಿಲ್ಲ. ನನ್ನ ಕೈಗೆ ಹೆದರಿ ನಾನೇ ಎಲ್ಲಿ ಓಡಲಿ? ನೆಲದ ಮೇಲೆ ನೀನು ಕೂರುತ್ತಿದ್ದ ಜಾಗದಲ್ಲಿ ಆ ಹುಡುಗಿನ ನಿಲ್ಲಿಸಿ, ಅಂಟಮ್ಮ ಏನು ಮಾಡ್ತಾಳೋ ಮಾಡಲಿ ಅಂತ ನೋಡಿದೆ.

ನೀನು ನೋಡಿದ್ದೀಯಾ ಗುಸು? ನಿನ್ನದೇ ಆಟ, ಸರಿಯಾಗಿ ನೋಡು. ಮೊದಲು ಬಾಗಿಲು ಸಣ್ಣಗೆ ಕಿರ್ ಅನ್ನುತ್ತೆ. ಯಾರೂ ಒಳಗೆ ಬರಲ್ಲ. ಆಮೇಲೆ ಗೋಡೆ ಮೇಲಿನ ಬೆಳಕು ಒಂದು ಕಡೆಯಿಂದ ಕಚ್ಚಿದ ಹಾಗೆ ಆಗಿ, ಪೂರ್ತಿ ಹೋಗುತ್ತೆ. ಅದಾದ ಮೇಲೆ ಅವಳ ಬ್ರಷ್ಷು ಮೇಲೆ ಹೋಗುತ್ತೆ. ಅದಾದ ಮೇಲೆ!

ನರ್ಸಿಗೆ ತೋರಿಸಿದೆ. "ಅದು ಆಟದಲ್ಲಿರೋ ತಪ್ಪು ಅಕ್ಕಾ, ಎಲ್ಲರೂ ಬರೆದು ನಗ್ತಾರೆ, ಬೆಳಕು ಇಟ್ಟೋರಿಗೆ ಲೆಕ್ಕ ತಪ್ಪಿದೆ ಅಂತ" ಅಂದಳು. ಬೆಳಕು ಇಟ್ಟೋಳು ನೀನು. ಹೇಳು, ಅದು ಲೆಕ್ಕ ತಪ್ಪಿದ್ದಾ?

ಅಕ್ಕ

&nbsp;

ಮೇ 6

ಅಕ್ಕಾ,

ತಪ್ಪಿದ್ದಲ್ಲ.

ಮೊದಲ ಸಲ ಮಾಡಿದಾಗ ಕೈ ತಾನಾಗಿ ಹಾಗೇ ಮಾಡಿತ್ತು. ಬಾಗಿಲು, ಬೆಳಕು, ಬ್ರಷ್ಷು. ಪರೀಕ್ಷೆ ಮಾಡೋರು ತಿದ್ದು ಅಂದರು. ತಿದ್ದಿದೆ. ಬ್ರಷ್ಷು ಮುಟ್ಟಿದ ಮೇಲೆ ಬೆಳಕು ಹೋಗೋ ಹಾಗೆ ಮಾಡಿದೆ. ನೋಡೋಕೆ ಸರಿಯಾಗಿತ್ತು, ಆದರೆ ಯಾರೋ ಹೇಳಿಕೊಟ್ಟ ಸುಳ್ಳನ್ನ ಒಪ್ಪಿಸಿದ ಹಾಗೆ ಅನ್ನಿಸ್ತು. ಆಟ ಹೊರಗೆ ಹೋಗೋ ಹಿಂದಿನ ದಿನ ಯಾರಿಗೂ ಹೇಳದೆ ಮೊದಲಿನ ಹಾಗೇ ಇಟ್ಟೆ. ಆಮೇಲೆ ಬೈಗುಳ ತಿಂದೆ. ಯಾಕೆ ಹಾಗೆ ಮಾಡಿದೆ ಅಂತ ನಿನ್ನ ಕಾಗದ ಓದೋವರೆಗೂ ನನಗೇ ಗೊತ್ತಿರಲಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ ಅಂತ ಇಷ್ಟು ವರ್ಷ ನನ್ನ ಕಣ್ಣು ನೆನಪಿಟ್ಟುಕೊಂಡಿತ್ತು, ನಾನು ಅದರ ಮಾತು ಕೇಳಲಿಲ್ಲ.

ಮತ್ತೊಂದು ನೆನಪಾಯಿತು. ಆವತ್ತು ಬಣ್ಣದ ವಾಸನೆ ಇತ್ತಲ್ವಾ? ಓಣಿಯ ಬಾಗಿಲಿಗೆಲ್ಲ ಹಸಿರು ಬಣ್ಣ ಹೊಡೆದಿದ್ದರು. ಸಂಜೆ ಅಪ್ಪ ಎದ್ದು, ಹಸಿ ಬಣ್ಣ ಮುಟ್ಟಿ ಹಾಳು ಮಾಡಿದ್ದೀಯ ಅಂತ ನನಗೆ ಒಂದು ಬಾರಿಸಿದ. ನಾನು ಮುಟ್ಟಿರಲಿಲ್ಲ ಅಕ್ಕಾ. ನಾನು ನೆಲದಿಂದ ಎದ್ದೇ ಇರಲಿಲ್ಲ.

ಕಿಟಕಿ ಈಗಲೇ ಕೀಳೋಕೆ ಬಿಡಬೇಡ.

ತಂಗಿ

&nbsp;

ಮೇ 14

ಗುಸು,

ಕೂತುಕೊಂಡು ಓದು.

ಗಾಜಿನವನು ಇವತ್ತು ನಮ್ಮ ಮನೆಗೆ ಬಂದ. ನಾಳೆ ಬಾ ಅಂದೆ, ನಾಡಿದ್ದು ಬಾ ಅಂದೆ. "ಅಕ್ಕಾ, ನಾನು ಗಾಜು ಹಾಕೋನು, ಸಾಲ ವಸೂಲಿಗೆ ಬಂದೋನಲ್ಲ, ಯಾಕೆ ಇಷ್ಟು ಹೆದರಿಸಿ ಓಡಿಸ್ತೀರಿ?" ಅಂದ. ಸರಿ, ಮೊದಲು ಕಾಗದ ನಾನೇ ತೆಗೀತೀನಿ ಅಂತ ಅವನನ್ನ ಹೊರಗೆ ಕೂರಿಸಿದೆ.

ಬಿಸಿನೀರಲ್ಲಿ ಬಟ್ಟೆ ಅದ್ದಿ ಅದ್ದಿ ಒತ್ತಿದೆ. ನಾನು ಹಚ್ಚಿದ ಹಾಳೆ ಮೊದಲು ಬಂತು. ಅದರ ಹಿಂದೆ ಅಪ್ಪ ಹಚ್ಚಿದ ಹಳೇ ಹಾಳೆ, ಅದರಲ್ಲಿ ನಮ್ಮ ತೂತು. ತೂತಿಂದ ಈಗಲಾದರೂ ಬೆಳಕು ಬರಬೇಕಲ್ಲ? ಬರಲಿಲ್ಲ. ಗಾಜಿನ ಆಚೆ ಏನೋ ಕಪ್ಪಗೆ ಕೂತಿತ್ತು.

ಓಣಿಗೆ ಹೋಗಿ ನೋಡಿದೆ. ಕಿಟಕಿ ಗಾಜಿನ ಮೇಲೆ ಒಂದು ಬಣ್ಣದ ಬೊಟ್ಟು, ಧೂಳು ಹಿಡಿದು ಮಸಿಯಾಗಿದೆ. ದಿನಾ ಅದರ ಮುಂದೆಯೇ ಓಡಾಡಿದ್ದೀನಿ ಗುಸು. ಪೇಂಟಿನವನು ಚೆಲ್ಲಿರೋ ಹನಿ ಅಂದುಕೊಂಡಿದ್ದೆ. ಗಾಜಿನವನೂ ಹಾಗೇ ಅಂದ, ಬ್ಲೇಡು ತೆಗೆದು ಕೆರೆಯೋಕೆ ಹೋದ. ಅವನ ಕೈ ಹಿಡಿದುಕೊಂಡೆ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ಹಸಿರು ಬಣ್ಣ, ಬಾಗಿಲಿನ ಹಸಿರು. ಬೊಟ್ಟಿನ ತುಂಬ ಸಣ್ಣ ಸಣ್ಣ ಗೆರೆ, ಹೆಬ್ಬೆರಳಿನ ಗೆರೆ. ಗೆರೆಗಳನ್ನ ಅಡ್ಡಡ್ಡ ಕೊಯ್ದ ಹಾಗೆ ಓರೆಯಾಗಿ ಇನ್ನೊಂದು ಗೆರೆ.

ನಿನ್ನ ಕೆನ್ನೆಗೆ ತಾಗುತ್ತಿದ್ದ ಗೆರೆ.

ಬಾಗಿಲು ನೋಡಿದೆ. ಚಿಲಕದ ಹತ್ತಿರ ಬಣ್ಣ ಎದ್ದ ಜಾಗ ಇನ್ನೂ ಹಾಗೇ ಇದೆ. ಅವಳು ಮಧ್ಯಾಹ್ನ ಬಂದಿದ್ದಾಳೆ ಗುಸು. ಬಾಗಿಲಿಗೆ ಕೈ ಇಟ್ಟಿದ್ದಾಳೆ. ಒಳಗೆ ಬಂದಿಲ್ಲ. ಕಿಟಕಿ ಹತ್ತಿರ ಬಂದು ತೂತಿನ ಮೇಲೆ ಹೆಬ್ಬೆರಳು ಒತ್ತಿದ್ದಾಳೆ. ಬೆರಳಿಗೆ ಹತ್ತಿದ್ದ ಬಣ್ಣ ಒರೆಸಿಕೊಂಡಳಾ ಅಂತಲೂ ಅನುಮಾನ ಬಂತು, ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಆದರೆ ಒರೆಸಿಕೊಳ್ಳೋಕೆ ಇಡೀ ಗೋಡೆ ಇತ್ತು. ಸರಿಯಾಗಿ ತೂತಿನ ಮೇಲೆ ಯಾಕೆ? ಕಾಯಬೇಡಿ ಅಂತ ಹೇಳೋ ಬಾಯಿ ಇರಲಿಲ್ಲ ಅವಳಿಗೆ, ಹೆಬ್ಬೆರಳು ಇತ್ತು.

ನಾನು ಸ್ಟೂಲಿನ ಮೇಲಿದ್ದೆ. ನನ್ನ ಮೂಗಿಗೂ ಅವಳ ಬೆರಳಿಗೂ ನಡುವೆ ಒಂದು ಗಾಜು, ಒಂದು ಕಂದು ಕಾಗದ. ಅಷ್ಟೇ. ನಾನು ಮೋಡ ಅಂದುಕೊಂಡೆ.

ಇನ್ನೊಂದು ಇದೆ. ಕಾಗದ ತೆಗೆದ ಮೇಲೆ ಆ ಗೋಡೆಗೆ ಮೊದಲ ಸಲ ಪೂರ್ತಿ ಬಿಸಿಲು ಬಿತ್ತು. ಮೊಳೆಯ ಅಕ್ಕಪಕ್ಕ ಸುಣ್ಣದ ಕೆಳಗೆ ಸಣ್ಣ ಸಣ್ಣ ಉಬ್ಬು ಕಂಡವು, ವಾರೆಯಾಗಿ ಒಂದು ಸಾಲು. ಚಾಕುವಿನಿಂದ ಒಂದನ್ನ ಮೀಟಿದೆ. ಹಳೇ ಮೊಳೆ ತೂತು. ಒಳಗೆ ತುಂಬಿರೋದು ಬ್ರೆಡ್ಡು, ನಾದಿ ತುರುಕಿದ ಬ್ರೆಡ್ಡು, ಕಲ್ಲಾಗಿದೆ. ಹಿಟ್ಟಿನ ವಾಸನೆ ನನಗೆ ಗೊತ್ತಾಗಲ್ವಾ? ಎಲ್ಲವೂ ಹಾಗೇ.

ನಿನ್ನ ಜೊತೆಯವನು ಹೇಳಿದ್ದು ಸರಿ. ಬೆಳಕು ಸರಿಯುತ್ತಿತ್ತು. ಮೊಳೆಯೂ ಸರಿಯುತ್ತಿತ್ತು. ನಾವು ನೋಡದಿರೋವಾಗ ಅವಳು ಮೊಳೆ ಕಿತ್ತು, ಬೆಳಕು ಎಲ್ಲಿ ಬೀಳುತ್ತೋ ಅಲ್ಲಿಗೆ ಹೊಡೆದು, ಹಳೇದನ್ನ ಬ್ರೆಡ್ಡಿಂದ ಮುಚ್ಚುತ್ತಿದ್ದಳು. ಅಷ್ಟು ಮಾಡಿದೋಳು ಯಾಕೆ ಹೋದಳು ಅಂತ ನನ್ನ ಕೇಳಬೇಡ. ಗೋಡೆಯಲ್ಲಿ ಅದು ಇರಲಿಲ್ಲ.

ಗಾಜಿನವನಿಗೆ ಏನು ಹೇಳಲಿ ಅಂತ ಗೊತ್ತಾಗದೆ ಚಹಾ ಕೊಟ್ಟೆ. ಅವನು ನನ್ನ ಮುಖ ನೋಡಿ, ಮಿಕ್ಕ ಮನೆ ಮುಗಿಸಿಕೊಂಡು ನಿಮ್ಮದು ಕೊನೆಗೆ ಮಾಡ್ತೀನಿ, ಆ ಗಾಜನ್ನ ಒಡೆಯದೆ ಬಿಡಿಸಿಕೊಡ್ತೀನಿ ಅಂದ.

ನಿನ್ನ ಅನುಮಾನ ತೀರಿತಾ? ಬರಿ. ಈ ಸಲ ತಡ ಮಾಡಬೇಡ.

ನಿನ್ನ
ಅಂಟಕ್ಕ

&nbsp;

ಮೇ 19

ಅಕ್ಕಾ,

ನೀನಲ್ಲ. ನೀನಲ್ಲ ಅಂತ ಕಾಗದದಲ್ಲಿ ಬರೆದರೆ ಸಾಲಲ್ಲ, ಎದುರಿಗೇ ಹೇಳ್ತೀನಿ. ಶನಿವಾರ ಸಂಜೆ ಬಸ್ಸಿಗೆ ಬರ್ತೀನಿ. ರಜೆ ತಗೊಂಡಿದ್ದೀನಿ, ಉಳೀತೀನಿ. ಆ ಕೋಣೆಯಲ್ಲೇ ಮಲಗ್ತೀನಿ.

ಗುಸು

&nbsp;

ಮೇ 22

ಗುಸು,

ಈ ಕಾಗದ ನೀನು ಹೊರಡೋ ಮುಂಚೆ ತಲುಪುತ್ತೋ ಇಲ್ಲವೋ, ಪೋಸ್ಟಿನವನ ಮೇಲೆ ನನಗೆ ನಂಬಿಕೆ ಇಲ್ಲ. ಸಂಜೆ ಬಸ್ಸು ಅಂತ ಬರೆದಿದ್ದೀಯ, ಸಂಜೆಗೆ ಎರಡು ಬಸ್ಸಿದೆ. ಮೊದಲನೇದೋ ಎರಡನೇದೋ ಬರೆದಿಲ್ಲ. ಇದು ಬೇಕೂಂತ ಬಿಟ್ಟಿದ್ದಾ, ಕೊನೇ ಗಳಿಗೆಯಲ್ಲಿ ತಪ್ಪಿಸಿಕೊಳ್ಳೋಕಾ ಅಂತ ನಿನ್ನೆಯೆಲ್ಲ ತಲೆ ಕೆಡಿಸಿಕೊಂಡೆ. ನರ್ಸು "ಬರೋರ ಮೇಲೂ ಅನುಮಾನವಾ ಅಕ್ಕಾ? ಬಂದಮೇಲೆ ಏನು ಮಾಡ್ತೀರಿ, ಹೆಬ್ಬೆಟ್ಟು ಒತ್ತಿಸಿಕೊಳ್ತೀರಾ?" ಅಂದಳು. ಅವಳಿಗೆ ಬಾಯಿಗೆ ಬೀಗ ಇಲ್ಲ. ನಿನ್ನ ನೋಡಬೇಕಂತೆ, ಅಂಟಮ್ಮನ ಮುಖ ಯಾಕೆ ಇಲ್ಲ ಅಂತ ಕೇಳ್ತಾಳಂತೆ. ಏನು ಹೇಳ್ತೀಯೋ ಹೇಳಿಕೋ.

ಅಂಗಡಿಯಿಂದ ಹೊಸ ಕಂದು ಕಾಗದ ತಂದು ಕಿಟಕಿಗೆ ಹಚ್ಚಿದ್ದೀನಿ, ನೀನು ಬಂದು ಹೋಗೋವರೆಗೆ ಅಂತ. ಅಂಚಿಗೆ ಮಾತ್ರ ಅಂಟು, ಎಳೆದರೆ ಬರುತ್ತೆ. ಅಮ್ಮನ ಬೆರಳಿನ ಪಕ್ಕದಲ್ಲಿ, ಅವಳಿಗೆ ತಾಗದ ಹಾಗೆ, ರಟ್ಟು ಚುಚ್ಚೋ ದಬ್ಬಣದಿಂದ ಒಂದು ತೂತು ಮಾಡಿದ್ದೀನಿ. ನಿನ್ನೆ ನೆಲದ ಮೇಲೆ ಕೂತು ನೋಡಿದೆ. ಅದೇ ಕಾಸಿನಗಲ. ಹತ್ತಿತು, ಹತ್ತಿತು, ಮೊಳೆಯ ಪಕ್ಕದಲ್ಲಿ ಹಾಯ್ದು ಹೋಯಿತು. ಮುಟ್ಟಲಿಲ್ಲ.

ಮೊಳೆ ಕಿತ್ತೆ. ಮೊದಲನೇ ಬಸ್ಸು ಬರೋ ಹೊತ್ತಿಗೆ ಬೆಳಕು ಎಲ್ಲಿರುತ್ತೋ ಅಲ್ಲಿಗೆ ಹೊಡೆದಿದ್ದೀನಿ. ಹಳೇ ತೂತಿಗೆ ಬೆಳಿಗ್ಗೆ ತಿಂದು ಮಿಕ್ಕಿದ ಬ್ರೆಡ್ಡು.

ನೀನು ಎರಡನೇ ಬಸ್ಸಿಗೆ ಬಂದರೆ ಮೊಳೆನ ಇನ್ನೊಂದು ಸಲ ಸರಿಸ್ತೀನಿ.

ಅಕ್ಕ